ಸಾವಿಗೆ ಮುಸುಕು, ಕಿವುಡಿಗೆ ಕಳಂಕ

ಹಾಂಗ್‌ಕಾಂಗ್‌ನಲ್ಲಿ ಇಂಗ್ಲಿಷ್ ಕಲಿಯುವ ಕ್ಯಾಂಟನೀಸ್ ಮಾತಿನವರ ಬಾಯಲ್ಲಿ ಸಾವೂ ಕಿವುಡೂ ಒಂದೇ ಆಗಿಬಿಡುವುದುಂಟು. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಉಸಿರು ಬಿಡುವ ಇಂಗ್ಲಿಷಿನ ಆ ಧ್ವನಿ ಕ್ಯಾಂಟನೀಸ್‌ನಲ್ಲೂ ಇಲ್ಲ, ಮ್ಯಾಂಡರಿನ್‌ನಲ್ಲೂ ಇಲ್ಲ. ಮ್ಯಾಂಡರಿನ್‌ನವರು ಅದನ್ನು ಸಾಮಾನ್ಯವಾಗಿ ‘ಸ್’ ಮಾಡಿಕೊಳ್ಳುತ್ತಾರೆ. ಕ್ಯಾಂಟನೀಸ್‌ನವರು ‘ಫ್’ ಮಾಡಿಕೊಳ್ಳುತ್ತಾರೆ. ಆಗ ‘ಡೆತ್’ ಹೋಗಿ ‘ಡೆಫ್’ ಆಗುತ್ತದೆ. ಇದು ಪರಕೀಯರ ತೊದಲೆಂದು ನಗುವವರು ಲಂಡನ್ನಿನ ಕಾಕ್ನಿ ಮಾತನ್ನು ಒಮ್ಮೆ ಕೇಳಬೇಕು, ಅಲ್ಲಿ ಹುಟ್ಟಿದವರೂ ಹಾಗೆಯೇ ಅನ್ನುತ್ತಾರೆ. ನಾವು ಕನ್ನಡಿಗರು ‘ತ್’ ಅಂದು ಪಾರಾಗಿದ್ದೇವೆ, ಅಷ್ಟೆ. ಧ್ವನಿಯ ಈ ಕೂಡಿಕೆ ಆಕಸ್ಮಿಕ. ಅದರಿಂದ ಯಾವ ತತ್ತ್ವವನ್ನೂ ಹಿಂಡಲಾಗದು. ಆದರೆ ಉಚ್ಚಾರಣೆಯ ಪಾಠ ಮುಗಿಸಿ ನುಡಿಗಟ್ಟುಗಳ ಪಾಠಕ್ಕೆ ಬಂದ ಕಲಿಯುವವನ ಎದುರು ಸಾವು ಮತ್ತು ಕಿವುಡು ಎರಡೂ ಬೇರೆ ರೀತಿಯಲ್ಲಿ ಜೊತೆಯಾಗಿ ನಿಲ್ಲುತ್ತವೆ. ಒಂದನ್ನು ಇಂಗ್ಲಿಷ್ ಹತ್ತಾರು ಮುಸುಕುಗಳಲ್ಲಿ ಮುಚ್ಚುತ್ತದೆ, ಇನ್ನೊಂದನ್ನು ಯಾವ ಎಗ್ಗೂ ಇಲ್ಲದೆ ಬೈಗುಳಕ್ಕೆ ಬಳಸುತ್ತದೆ. ಸತ್ತವರು ‘ದಾಟಿ ಹೋದರು’, ಆದರೆ ಮಾತು ಕೇಳದ ಸರಕಾರ ‘ಕಿವುಡು’. ಮುಚ್ಚಿ ಹೇಳುವುದು ಸುಳ್ಳೇ? ಬಿಚ್ಚಿ ಹೇಳುವುದು ಯಾವಾಗಲೂ ಸತ್ಯವೇ? ಭಾಷೆ ಕಲಿಸುವವರ ಪ್ರಶ್ನೆಯಂತೆ ಕಂಡರೂ ಇದು ಧರ್ಮದ ಪ್ರಶ್ನೆ, ಚೀನಾದ ಚಿಂತಕರು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಕೈಯಾಡಿಸಿದ ಪ್ರಶ್ನೆ. ನನ್ನ ವಾದ ಇಷ್ಟು: ಮಾತಿನ ಮುಸುಕು ಸರಿಯೋ ತಪ್ಪೋ ಎಂದು ತೂಗಬೇಕಾದದ್ದು ಆ ಮಾತು ಯಾರನ್ನು ಕುರಿತದ್ದೋ ಅವರು ಅದರ ಎದುರಿಗೆ ಇದ್ದಾರೆಯೇ ಎಂಬುದರಿಂದ. ಸತ್ತವರು ಎದುರಿಗಿಲ್ಲ. ಕಿವುಡರು ಇದ್ದಾರೆ.

ಮೊದಲು ಸಾವು. ಇಂಗ್ಲಿಷಿನ ಮುಸುಕುಗಳನ್ನು ಚೀನೀಯನಿಗೆ ವಿವರಿಸಿ ಹೇಳಬೇಕಾದ ಅಗತ್ಯವೇ ಇಲ್ಲ, ಅವನ ಮನೆಯಲ್ಲೇ ಇದಕ್ಕಿಂತ ದೊಡ್ಡ ಪೆಟ್ಟಿಗೆಯಿದೆ. ಅವನ ನುಡಿಯಲ್ಲಿ ಸಾವಿನ ಪದಕ್ಕೂ ನಾಲ್ಕು ಎಂಬ ಸಂಖ್ಯೆಗೂ ಧ್ವನಿಯೇರಿಳಿತ ಒಂದನ್ನು ಬಿಟ್ಟರೆ ವ್ಯತ್ಯಾಸವಿಲ್ಲ. ಹಾಗಾಗಿ ಎಷ್ಟೋ ಕಟ್ಟಡಗಳಲ್ಲಿ ನಾಲ್ಕನೆಯ ಮಹಡಿ ಎಂಬುದೇ ಇರುವುದಿಲ್ಲ. ಗಡಿಯಾರವನ್ನು ಉಡುಗೊರೆ ಕೊಡುವಂತಿಲ್ಲ, ಏಕೆಂದರೆ ‘ಗಡಿಯಾರ ಕೊಡು’ ಅನ್ನುವುದೂ ‘ಕೊನೆಗಾಲದಲ್ಲಿ ಜೊತೆಗಿದ್ದು ಕಳಿಸಿಕೊಡು’ ಅನ್ನುವುದೂ ಕಿವಿಗೆ ಒಂದೇ. ಹೆಣಕ್ಕೆ ತೊಡಿಸುವ ಬಟ್ಟೆ ದೀರ್ಘಾಯುಷ್ಯದ ಬಟ್ಟೆ, ಶವಪೆಟ್ಟಿಗೆಯ ಮರ ದೀರ್ಘಾಯುಷ್ಯದ ಮರ. ಬೌದ್ಧ ಭಿಕ್ಷು ಪೂರ್ಣಶಾಂತಿಗೆ ಸಲ್ಲುತ್ತಾನೆ, ದಾವೋ ಸಾಧಕನಿಗೆ ರೆಕ್ಕೆ ಮೂಡುತ್ತದೆ, ಗೌರವಸ್ಥ ಮುದುಕರು ಕೊಕ್ಕರೆಯೇರಿ ಪಡುವಣಕ್ಕೆ ಹೋಗುತ್ತಾರೆ, ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತರು ಮಾರ್ಕ್ಸ್‌ನನ್ನು ಕಾಣಲು ಹೋಗುತ್ತಾರೆ. ದೇವರಿಲ್ಲ ಎಂದವರಿಗೂ ಸತ್ತ ಮೇಲೆ ಯಾರನ್ನಾದರೂ ಕಾಣಬೇಕೆನಿಸುವುದು ಮನುಷ್ಯಸಹಜವೇ ಇರಬೇಕು. ಇದರ ಮೂಲ ಬಹಳ ಹಳೆಯದು. ‘ಲೀಜಿ’ ಎಂಬ ಆಚಾರಗ್ರಂಥ ಸಾವಿಗೆ ಅಂತಸ್ತಿನ ಪ್ರಕಾರ ಐದು ಪದಗಳನ್ನು ವಿಧಿಸುತ್ತದೆ: ಚಕ್ರವರ್ತಿಗೊಂದು, ಸಾಮಂತನಿಗೊಂದು, ಹಿರಿಯ ಅಧಿಕಾರಿಗೊಂದು, ಕಿರಿಯ ಅಧಿಕಾರಿಗೊಂದು, ಬರಿಯ ‘ಸತ್ತ’ ಎಂಬುದು ಸಾಮಾನ್ಯ ಪ್ರಜೆಗೆ. ಚಕ್ರವರ್ತಿಯ ಪಾಲಿನ ಪದಕ್ಕೆ ಬೆಟ್ಟ ಕುಸಿಯಿತು ಎಂಬ ಅರ್ಥವಿದೆ. ಸ್ವಾಮಿಗಳು ಲಿಂಗೈಕ್ಯರಾಗುವ, ಯತಿಗಳು ಬೃಂದಾವನಸ್ಥರಾಗುವ, ಬೀದಿಯವನು ಗೊಟಕ್ ಅನ್ನುವ ಕನ್ನಡದ ಓದುಗರಿಗೆ ಈ ಏಣಿ ಅಪರಿಚಿತವಲ್ಲ.

ಇಲ್ಲಿ ಕನ್‌ಫ್ಯೂಷಿಯಸ್‌ನನ್ನೇ ಮುಂದಿಟ್ಟು ಒಬ್ಬರು ಆಕ್ಷೇಪ ಎತ್ತಬಹುದು. ರಾಜ್ಯಭಾರ ಕೈಗೆ ಬಂದರೆ ಮೊದಲು ಏನು ಮಾಡುವೆ ಎಂಬ ಪ್ರಶ್ನೆಗೆ ಹೆಸರುಗಳನ್ನು ಸರಿಪಡಿಸುವೆ ಎಂದವನು ಅವನು. ಹೆಸರು ನೆಟ್ಟಗಿಲ್ಲದಿದ್ದರೆ ಮಾತು ಕೂಡದು, ಮಾತು ಕೂಡದಿದ್ದರೆ ಕೆಲಸ ಕೆಡುತ್ತದೆ ಎಂಬುದು ಅವನ ಸರಣಿ. ಹಾಗಿದ್ದರೆ ಸಾವನ್ನು ಸಾವೆಂದೇ ಕರೆಯಬೇಡವೇ? ಇದಕ್ಕೆ ಉತ್ತರ ಅದೇ ಪರಂಪರೆಯ ಒಳಗಿದೆ. ‘ಲೀಜಿ’ಯಲ್ಲಿಯೇ ಅವನ ಹೆಸರಿನಲ್ಲಿ ಒಂದು ವಿಚಾರ ದಾಖಲಾಗಿದೆ: ಸತ್ತವರನ್ನು ಪೂರಾ ಸತ್ತವರೆಂದೇ ನಡೆಸಿಕೊಂಡರೆ ಅದು ಕರುಣೆಗೆಟ್ಟ ನಡತೆ, ಇನ್ನೂ ಬದುಕಿದ್ದಾರೆಂದೇ ನಡೆಸಿಕೊಂಡರೆ ಅದು ತಿಳಿವುಗೇಡಿತನ, ಎರಡೂ ಕೂಡದು. ಹಾಗಾದರೆ ಏನು ಮಾಡುವುದು? ಅದಕ್ಕೆ ಆ ಗ್ರಂಥ ಕೊಡುವ ಪರಿಹಾರ ಬೆರಗು ಹುಟ್ಟಿಸುವಂಥದು. ಗೋರಿಯಲ್ಲಿ ಇಡುವ ವಸ್ತುಗಳು ಬಳಕೆಗೆ ಬಾರದಂತೆ ಇರಬೇಕು. ಬಿದಿರಿನ ಪಾತ್ರೆ ಪೂರಾ ಹೆಣೆದದ್ದಲ್ಲ, ತಂತಿವಾದ್ಯಕ್ಕೆ ತಂತಿಯಿದೆ ಆದರೆ ಶ್ರುತಿ ಕೂಡಿಸಿಲ್ಲ, ಗಂಟೆಗಳಿವೆ ಆದರೆ ತೂಗುಹಾಕುವ ಚೌಕಟ್ಟಿಲ್ಲ. ಕೊಡುವುದೂ ಆಯಿತು, ಕೊಟ್ಟದ್ದು ಇವರಿಗೆ ಬೇಕಿಲ್ಲ ಎಂದು ಒಪ್ಪಿಕೊಂಡದ್ದೂ ಆಯಿತು. ಕ್ರಿಸ್ತಪೂರ್ವ 3ನೆಯ ಶತಮಾನದ ಶುನ್ ತ್ಸು ಇದನ್ನೇ ಹಿಡಿದು ಮುಂದುವರಿಸಿದ. ಅವನಿಗೆ ಪ್ರೇತಗಳಲ್ಲಿ ನಂಬಿಕೆಯಿರಲಿಲ್ಲ; ಪಿತೃಪೂಜೆಯನ್ನು ಜನಸಾಮಾನ್ಯರು ಪ್ರೇತಗಳ ಸೇವೆಯೆಂದು ತಿಳಿಯುತ್ತಾರೆ, ವಿವೇಕಿ ಅದನ್ನು ಮನುಷ್ಯರ ಮಾರ್ಗವೆಂದು ತಿಳಿಯುತ್ತಾನೆ ಎಂದ. ಆದರೂ ಆಚರಣೆ ಬಿಡಬೇಡಿ ಎಂದ. ಹೆಸರುಗಳ ಬಗ್ಗೆ ಬರೆದ ಅಧ್ಯಾಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ಹೆಸರೂ ತನ್ನಷ್ಟಕ್ಕೆ ವಸ್ತುವಿಗೆ ಅಂಟಿಕೊಂಡದ್ದಲ್ಲ, ಜನರ ಒಪ್ಪಂದವೇ ಅದನ್ನು ಸರಿಯಾಗಿಸುತ್ತದೆ ಎಂದು ಹೇಳಿದ.

ಈ ಎರಡು ವಿಚಾರಗಳನ್ನು ಸೇರಿಸಿ ನೋಡಿದರೆ ಸಾವಿನ ಸುತ್ತುಮಾತಿಗೆ ಸಮರ್ಥನೆ ಸಿಗುತ್ತದೆ. ‘ದಾಟಿ ಹೋದರು’ ಎಂಬುದು ಶ್ರುತಿ ಕೂಡಿಸದ ವೀಣೆಯಂಥದು. ಹೇಳಿದವನಿಗೂ ಕೇಳಿದವನಿಗೂ ಸತ್ಯ ಗೊತ್ತು, ಇಬ್ಬರಿಗೂ ಗೊತ್ತೆಂಬುದೂ ಇಬ್ಬರಿಗೂ ಗೊತ್ತು. ಸುಳ್ಳು ಎಂದರೆ ಒಬ್ಬನಿಗೆ ಗೊತ್ತಿದ್ದದ್ದನ್ನು ಇನ್ನೊಬ್ಬನಿಂದ ಅಡಗಿಸುವುದು. ಇಲ್ಲಿ ಅಡಗಿಸಿದ್ದು ಏನೂ ಇಲ್ಲ. ಸುದ್ದಿ ತಲುಪಿದೆ, ಅದರ ಜೊತೆಗೆ ದುಃಖದಲ್ಲಿರುವವರ ಮೇಲಿನ ಗೌರವವೂ ತಲುಪಿದೆ. ನಿಷ್ಠುರ ಸತ್ಯದ ಪಕ್ಷದವರು ದಾವೋ ಚಿಂತಕ ಚುವಾಂಗ್ ತ್ಸುವನ್ನು ಕರೆತರುತ್ತಾರೆ. ಹೆಂಡತಿ ಸತ್ತಾಗ ಅವನು ಕಾಲು ಚಾಚಿ ಕೂತು ಪಾತ್ರೆ ಬಡಿಯುತ್ತ ಹಾಡುತ್ತಿದ್ದ, ಅಳುವುದು ಬಿಟ್ಟರೂ ಸರಿ ಹಾಡುವುದು ಅತಿಯಾಯಿತು ಎಂದು ಗೆಳೆಯ ಹುಯಿ ತ್ಸು ಗದರಿದ. ಮುಸುಕೇ ಬೇಡವೆಂದ ಧೀರ ಇವನೆಂದು ಕಥೆ ಹೇಳುವವರು ಅವನ ಉತ್ತರವನ್ನು ಪೂರ್ತಿ ಓದಬೇಕು. ತಾನೂ ಮೊದಲು ನೊಂದೆ ಎನ್ನುತ್ತಾನೆ. ಆಮೇಲೆ ಋತುಗಳು ಸರಿದಂತೆ ಅವಳೂ ಸರಿದಳು, ಈಗ ಒಂದು ವಿಶಾಲವಾದ ಕೋಣೆಯಲ್ಲಿ ನಿದ್ದೆ ಹೋಗಿದ್ದಾಳೆ ಎನ್ನುತ್ತಾನೆ. ನಿದ್ದೆ! ಅತಿ ನಿಷ್ಠುರನೆನಿಸಿದವನೂ ಮುಸುಕನ್ನು ಬಿಟ್ಟಿಲ್ಲ, ಬೇರೆ ಬಣ್ಣದ್ದನ್ನು ಆರಿಸಿಕೊಂಡಿದ್ದಾನೆ.

ಹೆಚ್ಚು ತೂಕದ ಆಕ್ಷೇಪ ಇನ್ನೊಂದಿದೆ. ಈ ಮುಸುಕು ಸತ್ತವರಲ್ಲಿಗೇ ನಿಲ್ಲುವುದಿಲ್ಲ, ಸಾಯುತ್ತಿರುವವರ ಮೇಲೂ ಹಬ್ಬುತ್ತದೆ. ಚೀನಾದ ಬಹಳಷ್ಟು ಕುಟುಂಬಗಳಲ್ಲಿ ಕ್ಯಾನ್ಸರ್ ಎಂಬ ಸುದ್ದಿ ಮೊದಲು ಮಕ್ಕಳಿಗೆ ಗೊತ್ತಾಗುತ್ತದೆ, ರೋಗಿಗೆ ಕೊನೆಗೆ ಅಥವಾ ಎಂದಿಗೂ ಇಲ್ಲ. ಲುಲು ವಾಂಗ್ 2019ರಲ್ಲಿ ನಿರ್ದೇಶಿಸಿದ ‘ದಿ ಫೇರ್‌ವೆಲ್’ ಸಿನಿಮಾದ ಕಥೆಯೇ ಇದು: ಅಜ್ಜಿಯ ಕಾಯಿಲೆಯನ್ನು ಅವಳಿಂದ ಮುಚ್ಚಿಟ್ಟು, ಮದುವೆಯ ನೆಪ ಮಾಡಿ ಎಲ್ಲರೂ ಕಡೆಯ ಬಾರಿ ಕಾಣಲು ಬರುತ್ತಾರೆ. 2021ರ ಜನವರಿ 1ರಿಂದ ಜಾರಿಯಲ್ಲಿರುವ ಚೀನಾದ ನಾಗರಿಕ ಸಂಹಿತೆಯ 1219ನೆಯ ವಿಧಿ ಕೂಡ, ರೋಗಿಗೆ ಹೇಳಲಾಗದಿದ್ದಾಗ ಅಥವಾ ಹೇಳುವುದು ಉಚಿತವಲ್ಲದಿದ್ದಾಗ ಹತ್ತಿರದ ಬಂಧುಗಳಿಗೆ ವಿವರಿಸಿ ಅವರ ಒಪ್ಪಿಗೆ ಪಡೆಯಲು ವೈದ್ಯರಿಗೆ ಹೇಳುತ್ತದೆ. ಇದನ್ನು ಪೂರ್ವ ಪಶ್ಚಿಮಗಳ ಭೇದವೆಂದು ತಳ್ಳಿಹಾಕುವುದು ಸುಲಭ, ಆದರೆ ಅಮೆರಿಕದ ದಾಖಲೆ ಬೇರೆ ಹೇಳುತ್ತದೆ. 1961ರಲ್ಲಿ ಅಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ಸುಮಾರು ಶೇಕಡಾ 90 ವೈದ್ಯರು ಕ್ಯಾನ್ಸರ್ ಸುದ್ದಿಯನ್ನು ರೋಗಿಗೆ ಹೇಳದಿರುವುದೇ ಮೇಲೆಂದಿದ್ದರು. 1979ರಲ್ಲಿ ಶೇಕಡಾ 97 ವೈದ್ಯರು ಹೇಳುತ್ತೇವೆಂದರು. ಹದಿನೆಂಟು ವರ್ಷಗಳಲ್ಲಿ ಸಂಸ್ಕೃತಿ ಬದಲಾಗಿರಲಿಲ್ಲ, ರೋಗಿಯ ಹಕ್ಕಿನ ತಿಳಿವಳಿಕೆ ಬದಲಾಗಿತ್ತು. ನನ್ನ ಅಳತೆಗೋಲಿಗೆ ಇದು ಒಳ್ಳೆಯ ಪರೀಕ್ಷೆ. ಸಾಯುತ್ತಿರುವವರು ಮಾತಿನ ಎದುರಿಗೆ ಇದ್ದಾರೆ. ಅವರಿಗೆ ಗೊತ್ತಿಲ್ಲದ್ದು ಉಳಿದೆಲ್ಲರಿಗೂ ಗೊತ್ತಿದ್ದರೆ ಅದು ಶ್ರುತಿ ಕೂಡಿಸದ ವೀಣೆಯಾಗದು, ಸದ್ದು ಕೇಳಿಸದಂತೆ ಬಾಗಿಲು ಹಾಕಿದಂತಾಗುತ್ತದೆ. ಗೋರಿಯ ಆಚಾರವನ್ನು ಹಾಸಿಗೆಯ ಪಕ್ಕಕ್ಕೆ ತರಲು ಕನ್‌ಫ್ಯೂಷಿಯಸ್‌ನ ಒಪ್ಪಿಗೆಯಿಲ್ಲ. ಬದುಕಿರುವವರನ್ನು ಸತ್ತವರಂತೆ ನಡೆಸಿಕೊಳ್ಳುವುದೂ ಅವನೇ ಹೇಳಿದ ಕರುಣೆಗೇಡು. ನನ್ನ ಅಳತೆಗೋಲಿಗೆ ಒಂದು ಉಪಶರತ್ತು ಸೇರಿಸಬೇಕು. ಮುಸುಕು ಇಬ್ಬರಿಗೂ ಪಾರದರ್ಶಕವಾಗಿರಬೇಕು. ಲಂಡನ್ನಿನ ಆಸ್ಪತ್ರೆಯಲ್ಲಿ ‘ನಿಮ್ಮ ತಂದೆಯನ್ನು ನಾವು ಕಳೆದುಕೊಂಡೆವು’ ಎಂದು ಇಂಗ್ಲಿಷಿನಲ್ಲಿ ಕೇಳಿಸಿಕೊಂಡ ಚೀನೀ ವಿದ್ಯಾರ್ಥಿ ಎಲ್ಲಿ ಕಳೆದರೆಂದು ಕೇಳಿದರೆ ತಪ್ಪು ಅವನದಲ್ಲ. ದುಃಖದ ಸುದ್ದಿ ಹೇಳುವಾಗ ನೇರ ಪದವನ್ನೇ ಬಳಸಿ ಎಂದು ವೈದ್ಯರಿಗೆ ಕಲಿಸುವುದು ಇದೇ ಕಾರಣಕ್ಕೆ.

ಕಿವುಡಿನ ಕಡೆ ತಿರುಗಿದರೆ ಎಲ್ಲವೂ ತಲೆಕೆಳಗು. ಇಲ್ಲಿ ಮುಚ್ಚುಮರೆ ಇಲ್ಲ, ಬದಲಿಗೆ ಧಾರಾಳತನ. ಇಂಗ್ಲಿಷಿನಲ್ಲಿ ಕೇಳಲೊಲ್ಲದವನು ‘ಕಿವುಡು ಕಿವಿ’ ತಿರುಗಿಸುತ್ತಾನೆ, ವ್ಯರ್ಥವಾದ ಮನವಿ ‘ಕಿವುಡು ಕಿವಿಗಳ ಮೇಲೆ’ ಬೀಳುತ್ತದೆ, ಜನರ ಮನಸ್ಸು ಅರಿಯದ ರಾಜಕಾರಣಿಯನ್ನು ಪತ್ರಿಕೆಗಳು ‘ಟೋನ್‌ಡೆಫ್’ ಅನ್ನುತ್ತವೆ. ಚೀನೀಯರ ನುಡಿಗಟ್ಟುಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಕಂಡದ್ದು ಒಂದು ಸೂಕ್ಷ್ಮ. ಅಲ್ಲಿ ಬಹಳಷ್ಟು ಕಡೆ ಕೇಳಬಲ್ಲವನು ಬೇಕೆಂದೇ ಕೇಳದಿರುವುದು ಮಾತಿನಲ್ಲೇ ಕಾಣುತ್ತದೆ: ಕಿವಿಗೆ ಏನನ್ನೋ ತುಂಬಿಕೊಂಡವನು, ಕಿವುಡ ಮೂಗನ ಸೋಗು ಹಾಕಿದವನು, ಗಂಟೆ ಕದಿಯಲು ಹೋಗಿ ಸದ್ದಾದಾಗ ತನ್ನ ಕಿವಿಯನ್ನೇ ಮುಚ್ಚಿಕೊಂಡವನು. ಅರ್ಥವಾಗದವನ ಮುಂದೆ ಬೋಧಿಸುವುದನ್ನು ಅವರು ಹಸುವಿನ ಮುಂದೆ ವೀಣೆ ನುಡಿಸುವುದು ಅನ್ನುತ್ತಾರೆ, ನಾವು ಕೋಣನ ಮುಂದೆ ಕಿನ್ನರಿ ಅಂದಂತೆ. ಇಬ್ಬರೂ ಪ್ರಾಣಿಯನ್ನು ಬೈದಿದ್ದೇವೆ, ಕಿವುಡರನ್ನು ಬಿಟ್ಟಿದ್ದೇವೆ. ನಮ್ಮ ‘ಜಾಣಕಿವುಡು’ ಕೂಡ ಇದೇ ಜಾತಿಯದು. ದೋಷ ಕಿವಿಯಲ್ಲಿಲ್ಲ, ಜಾಣತನದಲ್ಲಿದೆ ಎಂದು ಪದವೇ ಹೇಳುತ್ತದೆ. ತಾಂಗ್ ವಂಶದ ಚಕ್ರವರ್ತಿ ದೈಝೊಂಗ್‌ನ ಮಗಳಿಗೂ ಸೇನಾಪತಿ ಗುವೋ ತ್ಸುಯೀಯ ಮಗನಿಗೂ ಮದುವೆಯಾಗಿ ಜಗಳವಾದಾಗ, ಹೆದರಿ ಬಂದ ಬೀಗನಿಗೆ ಚಕ್ರವರ್ತಿ ನೆನಪಿಸಿದ್ದು ಒಂದು ಗಾದೆ: ಸ್ವಲ್ಪ ಪೆದ್ದು, ಸ್ವಲ್ಪ ಕಿವುಡು ಆಗದವರು ಮನೆಯ ಯಜಮಾನರಾಗಲಾರರು. ಅಲ್ಲಿ ಕಿವುಡು ಒಂದು ಗುಣ. ವಿದ್ಯೆಯ ದೇವತೆ ವೆನ್‌ಚಾಂಗ್‌ನ ಇಬ್ಬರು ಪರಿಚಾರಕರ ಹೆಸರೇ ‘ಆಕಾಶದ ಕಿವುಡ’ ಮತ್ತು ‘ಭೂಮಿಯ ಮೂಕ’. ಪರೀಕ್ಷೆಯ ಗುಟ್ಟು ರಟ್ಟಾಗದಿರಲಿ ಎಂದು ಅವರ ನೇಮಕವಂತೆ. ಪ್ರಶ್ನೆಪತ್ರಿಕೆ ಬಯಲಾಗುವ ನಮ್ಮ ಕಾಲಕ್ಕೆ ಅವರಿಬ್ಬರ ಅಗತ್ಯ ಎದ್ದು ಕಾಣುತ್ತದೆ.

ಆದರೆ ಚೀನಾದ ಪರಂಪರೆ ಇಲ್ಲಿ ಪೂರಾ ನಿರ್ದೋಷಿಯೆಂದು ಹೇಳಲಾರೆ. ಬಣ್ಣದ ಸೊಗಸಿನಲ್ಲಿ ಕುರುಡನಿಗೆ ಪಾಲಿಲ್ಲ, ಗಂಟೆ ನಗಾರಿಗಳ ನಾದದಲ್ಲಿ ಕಿವುಡನಿಗೆ ಪಾಲಿಲ್ಲ, ಇಂಥ ಕುರುಡು ಕಿವುಡು ದೇಹಕ್ಕೆ ಮಾತ್ರವಲ್ಲ ತಿಳಿವಿಗೂ ಉಂಟು ಎಂಬ ರೂಪಕವನ್ನು ನೆಟ್ಟವರಲ್ಲಿ ಚುವಾಂಗ್ ತ್ಸುವೂ ಒಬ್ಬ. ಬೆಳಗ್ಗೆ ಮಾರ್ಗವನ್ನು ಕೇಳಿದರೆ ಸಂಜೆ ಸತ್ತರೂ ಸರಿಯೆಂದು ಕನ್‌ಫ್ಯೂಷಿಯಸ್ ಹೇಳಿದಾಗ, ಅರವತ್ತಕ್ಕೆ ತನ್ನ ಕಿವಿ ಹದಕ್ಕೆ ಬಂತೆಂದಾಗ, ಅರಿವಿನ ಹೆಬ್ಬಾಗಿಲು ಕಿವಿಯೇ ಎಂಬ ಊಹೆ ಅದರ ಹಿಂದಿದೆ. ಸಾಂಪ್ರದಾಯಿಕ ಬರಹದಲ್ಲಿ ಸಂತ, ಋಷಿ ಎಂಬ ಅರ್ಥದ ಅಕ್ಷರದೊಳಗೆ ಕಿವಿಯ ಚಿತ್ರವೇ ಇದೆ. ಪಡುವಣದಲ್ಲಿ ಈ ಊಹೆ ಇನ್ನೂ ಗಟ್ಟಿಯಾಗಿ, ಇನ್ನೂ ಕ್ರೂರವಾಗಿ ಬೇರೂರಿತು. ಮಾತು ಕಿವಿಗೆ ಬೀಳುವ ವಸ್ತುವಾದ್ದರಿಂದ ಬುದ್ಧಿಗೆ ಕಣ್ಣಿಗಿಂತ ಕಿವಿಯೇ ಹೆಚ್ಚು ನೆರವು, ಹಾಗಾಗಿ ಹುಟ್ಟುಕುರುಡರು ಹುಟ್ಟುಕಿವುಡರಿಗಿಂತ ಬುದ್ಧಿವಂತರು ಎಂದು ಅರಿಸ್ಟಾಟಲ್ ಬರೆದ. ಶ್ರದ್ಧೆ ಬರುವುದು ಕೇಳುವುದರಿಂದ ಎಂದು ಸಂತ ಪೌಲ ರೋಮಿನವರಿಗೆ ಬರೆದ. ಅದನ್ನು ನೆನೆದು ಹುಟ್ಟುಕಿವುಡು ಶ್ರದ್ಧೆಗೇ ಅಡ್ಡಿ ಎಂದು ಸಂತ ಅಗಸ್ಟೀನ್ ಬರೆದ. ತಮಾಷೆಯೆಂದರೆ ಕಿವುಡರು ಕೈಸನ್ನೆಯಲ್ಲಿ ಕೇಳುತ್ತಾರೆ, ಉತ್ತರಿಸುತ್ತಾರೆ, ಕಲಿಸುತ್ತಾರೆ ಎಂಬುದನ್ನು ಇನ್ನೊಂದು ಗ್ರಂಥದಲ್ಲಿ ಗುರುತಿಸಿದವನೂ ಅದೇ ಅಗಸ್ಟೀನ್. 531ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಕಾನೂನು ಹುಟ್ಟಿನಿಂದ ಕಿವುಡರೂ ಮೂಕರೂ ಆದವರು ಮೃತ್ಯುಪತ್ರ ಬರೆಯುವಂತಿಲ್ಲ ಎಂದಿತು. ಬದುಕಿರುವಾಗಲೇ ಕಾನೂನಿನ ಕಣ್ಣಿಗೆ ಅವರು ಅರ್ಧ ಸತ್ತಂತೆ. ರೂಪಕ ಅನ್ನುವುದು ಬರಿಯ ಬಾಯಿಮಾತು, ಅದರಿಂದ ಯಾರಿಗೇನು ನಷ್ಟ ಎನ್ನುವವರು ಈ ಸಾಲನ್ನು ನೋಡಬೇಕು: ತತ್ತ್ವಜ್ಞಾನಿಯ ಊಹೆ, ಧರ್ಮಗುರುವಿನ ವಾಕ್ಯ, ಆಮೇಲೆ ಆಸ್ತಿಯ ಹಕ್ಕು. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ ಸನ್ನೆಗಿಂತ ಬಾಯಿಮಾತೇ ಶ್ರೇಷ್ಠವೆಂದು ತೀರ್ಮಾನಿಸಿತು. ಅಲ್ಲಿದ್ದ ಪ್ರತಿನಿಧಿಗಳು ಬಹುತೇಕ ಎಲ್ಲರೂ ಕೇಳಬಲ್ಲವರೇ. ಎಷ್ಟೋ ದೇಶಗಳ ಶಾಲೆಗಳಿಂದ ಸನ್ನೆಭಾಷೆ ಹೊರಬಿತ್ತು. ಸನ್ನೆಗೂ ವ್ಯಾಕರಣವಿದೆ, ಅದು ಪೂರ್ಣ ಭಾಷೆ ಎಂದು ಭಾಷಾವಿಜ್ಞಾನಿ ವಿಲಿಯಂ ಸ್ಟೋಕಿ ತೋರಿಸಿಕೊಟ್ಟದ್ದು 1960ರಲ್ಲಿ. ಮಿಲಾನ್ ನಿರ್ಣಯಗಳನ್ನು ಅದೇ ಸರಣಿಯ ಸಮ್ಮೇಳನ ತಳ್ಳಿಹಾಕಿ ವಿಷಾದ ಸೂಚಿಸಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. ನೂರಮೂವತ್ತು ವರ್ಷ.

ಕೇಳುವುದೆಂದರೆ ಏನು ಎಂಬುದನ್ನು ನಾನು ಬಲ್ಲಂತೆ ಅತ್ಯಂತ ಆಳವಾಗಿ ಶೋಧಿಸಿದ್ದು ಚೀನಾದ ಬೌದ್ಧರು. 8ನೆಯ ಶತಮಾನದ ಆರಂಭದಲ್ಲಿ ಚೀನೀ ಭಾಷೆಯಲ್ಲಿ ಕಾಣಿಸಿಕೊಂಡ ‘ಶೂರಂಗಮ ಸೂತ್ರ’ದಲ್ಲಿ ಒಂದು ಪ್ರಸಂಗ ಬರುತ್ತದೆ. ಬುದ್ಧ ತನ್ನ ಶಿಷ್ಯ ರಾಹುಲನಿಂದ ಗಂಟೆ ಹೊಡೆಸುತ್ತಾನೆ, ಕೇಳಿಸಿತೇ ಎಂದು ಇನ್ನೊಬ್ಬ ಶಿಷ್ಯ ಆನಂದನನ್ನು ಕೇಳುತ್ತಾನೆ. ಕೇಳಿಸಿತು. ನಾದ ಅಡಗಿದ ಮೇಲೆ ಮತ್ತೆ ಕೇಳುತ್ತಾನೆ. ಈಗ ಕೇಳಿಸುತ್ತಿಲ್ಲ. ಆಗ ಬುದ್ಧ ಹಿಡಿಯುವ ಎಳೆ ಇದು: ಸದ್ದು ಇದ್ದದ್ದು ಹೋಯಿತು ಸರಿ, ಕೇಳುವಿಕೆಯೂ ಹೋಗಿದ್ದರೆ ಸದ್ದಿಲ್ಲ ಎಂಬುದು ನಿನಗೆ ಹೇಗೆ ಗೊತ್ತಾಯಿತು? ಸದ್ದು ಬರುತ್ತದೆ ಹೋಗುತ್ತದೆ, ಅದನ್ನು ಅರಿಯುವ ಸ್ವಭಾವಕ್ಕೆ ಬರುವುದು ಹೋಗುವುದು ಇಲ್ಲ. ದೇಹ ಬಿದ್ದುಹೋದರೂ ಅದು ಅಳಿಯದು ಎಂದು ಸೂತ್ರ ಮುಂದುವರಿಸುತ್ತದೆ. ಕಿವುಡು ಸಾವು ಎರಡನ್ನೂ ಒಂದೇ ಗಂಟೆಯ ಏಟಿಗೆ ಎದುರಿಸುವ ವಾದ ಇದು. ಅದೇ ಸೂತ್ರ ಮೋಕ್ಷದ ಇಪ್ಪತ್ತೈದು ದಾರಿಗಳನ್ನು ತೂಗಿ, ಬೋಧಿಸತ್ವ ಮಂಜುಶ್ರೀಯ ಬಾಯಿಂದ ಕರುಣೆಯ ಬೋಧಿಸತ್ವೆ ಗ್ವಾನ್‌ಯಿನ್‌ಳ ಕಿವಿಯ ದಾರಿಯನ್ನೇ ಶ್ರೇಷ್ಠವೆಂದು ಆರಿಸುತ್ತದೆ ನಿಜ. ಮೇಲುನೋಟಕ್ಕೆ ಕಿವುಡರಿಗೆ ಇದರಿಂದಲೂ ಬಾಗಿಲು ಮುಚ್ಚಿತು. ಆದರೆ ಆ ದಾರಿ ಹೊರಗಿನ ಸದ್ದಿನ ಬೆನ್ನು ಹತ್ತುವುದಿಲ್ಲ, ಕೇಳುವ ಅರಿವನ್ನೇ ಒಳಕ್ಕೆ ತಿರುಗಿಸಿ ನೋಡು ಅನ್ನುತ್ತದೆ. ಅದಕ್ಕೆ ಕಿವಿಯ ತಮಟೆ ಬೇಕಿಲ್ಲ. ಸದ್ದಿಲ್ಲ ಎಂಬುದನ್ನು ಅರಿಯುವ ವಿಷಯದಲ್ಲಂತೂ ಕಿವುಡರು ಆನಂದನಿಗಿಂತ ಹಿಂದೆ ಬೀಳುವವರಲ್ಲ.

ಈ ವಾದ ಸಾಲದೆಂದು ಹೊಳೆದದ್ದು 9ನೆಯ ಶತಮಾನದ ಚಾನ್ (ಝೆನ್) ಗುರು ಶ್ವೆನ್‌ಷಾಗೆ. ಜನರಿಗೆ ಉಪದೇಶಿಸುತ್ತೇವೆ ಎಂದು ಎಲ್ಲರೂ ಹೇಳುತ್ತೀರಿ, ಕುರುಡ ಕಿವುಡ ಮೂಗ ಈ ಮೂವರು ಎದುರಿಗೆ ಬಂದರೆ ಏನು ಮಾಡುವಿರಿ, ಅವರನ್ನು ಮುಟ್ಟಲಾಗದಿದ್ದರೆ ಬುದ್ಧನ ಧರ್ಮಕ್ಕೇ ಕಸುವಿಲ್ಲವೆಂದಾಯಿತಲ್ಲ ಎಂದು ಅವನು ಸವಾಲು ಹಾಕಿದ. ನನ್ನ ಮಟ್ಟಿಗೆ ಧರ್ಮದ ಇತಿಹಾಸದಲ್ಲಿ ಈ ಪ್ರಶ್ನೆಯನ್ನು ಸರಿಯಾದ ತುದಿಯಿಂದ ಹಿಡಿದ ಮಾತು ಇದೇ. ಕೇಳಲಾಗದವನಲ್ಲಿ ಏನು ಕೊರತೆಯಿದೆ ಎಂದು ಅರಿಸ್ಟಾಟಲ್ ಕೇಳಿದ. ಹೇಳುವವನಲ್ಲಿ ಏನು ಕೊರತೆಯಿದೆ ಎಂದು ಶ್ವೆನ್‌ಷಾ ಕೇಳಿದ. ಇದನ್ನು ಕೇಳಿಸಿಕೊಂಡ ಒಬ್ಬ ಭಿಕ್ಷು ಯುನ್‌ಮೆನ್ ಗುರುವಿನ ಹತ್ತಿರ ಹೋಗಿ ವಿವರಣೆ ಬೇಡಿದ. ನಮಸ್ಕಾರ ಮಾಡು ಎಂದ ಯುನ್‌ಮೆನ್, ಏಳುತ್ತಿದ್ದಂತೆ ಕೋಲಿನಿಂದ ತಿವಿಯಲು ಹೋದ, ಭಿಕ್ಷು ಹಿಂದೆ ಸರಿದ. ನೀನು ಕುರುಡನಲ್ಲ ಅಂದ. ಹತ್ತಿರ ಬಾ ಎಂದ, ಬಂದ, ಕಿವುಡನಲ್ಲ ಅಂದ. ತಿಳಿಯಿತೇ ಎಂದ, ಇಲ್ಲವೆಂದ, ಮೂಗನಲ್ಲ ಅಂದ. ಪ್ರಸಂಗ ಚುರುಕಾಗಿದೆ, ಚಾನ್ ಪಂಥದವರಿಗೆ ಪ್ರಿಯವಾಗಿದೆ. ನನಗೆ ಮಾತ್ರ ಯುನ್‌ಮೆನ್ ಜಾರಿಕೊಂಡನೆಂದೇ ಅನಿಸುತ್ತದೆ. ಶ್ವೆನ್‌ಷಾ ಕೇಳಿದ್ದು ನಿಜವಾದ ಕಿವುಡನ ಬಗ್ಗೆ. ಯುನ್‌ಮೆನ್ ಅದನ್ನು ಮತ್ತೆ ರೂಪಕ ಮಾಡಿ, ಎದುರಿಗಿದ್ದ ಕೇಳಬಲ್ಲ ಭಿಕ್ಷುವಿನ ಮಂದಬುದ್ಧಿಯನ್ನು ತೋರಿಸಲು ಬಳಸಿಕೊಂಡ. ನಿಜವಾದ ಕಿವುಡ ಅಲ್ಲಿದ್ದಿದ್ದರೆ ‘ಹತ್ತಿರ ಬಾ’ ಎಂಬುದನ್ನು ಕೈಬೀಸಿ ಹೇಳಿದ್ದರೆ ಸಾಕಿತ್ತು, ಬರುತ್ತಿದ್ದ. ಟಿಬೆಟ್ಟಿನ ‘ಬಾರ್ದೋ ಥೋಡೋಲ್’ ಬೇರೊಂದು ಬಗೆಯಲ್ಲಿ ಜಾರಿಕೊಳ್ಳುತ್ತದೆ. ಸತ್ತವರಿಗೆ ಓದಿ ಕೇಳಿಸುವ ಆ ಗ್ರಂಥದ ಹೆಸರಿನಲ್ಲೇ ಕೇಳಿ ಬಿಡುಗಡೆ ಹೊಂದುವುದು ಎಂಬ ಅರ್ಥವಿದೆ. ಬದುಕಿನಲ್ಲಿ ಕಿವುಡರಾಗಿದ್ದವರಿಗೂ ಸಾವಿನ ನಂತರ ಇಂದ್ರಿಯಗಳೆಲ್ಲ ಪೂರ್ಣವಾಗಿರುತ್ತವೆ ಎಂದು ಅದು ಭರವಸೆ ಕೊಡುತ್ತದೆ. ಉದಾರವಾದ ಮಾತೇ. ಆದರೆ ಬದುಕಿರುವಾಗ ಕೊಡಬೇಕಿದ್ದದ್ದನ್ನು ಸತ್ತ ಮೇಲೆ ಕೊಟ್ಟಂತಾಯಿತು. ಶ್ವೆನ್‌ಷಾನ ಸವಾಲಿಗೆ ತಕ್ಕ ಉತ್ತರ ಬಂದದ್ದು ಯಾವ ಮಠದಿಂದಲೂ ಅಲ್ಲ. 2005ರಲ್ಲಿ ಚೀನಾದ ವಸಂತೋತ್ಸವದ ದೂರದರ್ಶನ ಕಾರ್ಯಕ್ರಮದಲ್ಲಿ ತೈ ಲಿಹ್ವಾ ಮತ್ತು ಸಂಗಡಿಗರು, ಒಟ್ಟು 21 ಮಂದಿ ಕಿವುಡ ಕಲಾವಿದರು, ‘ಸಾವಿರ ಕೈಗಳ ಗ್ವಾನ್‌ಯಿನ್’ ನೃತ್ಯ ಮಾಡಿದರು. ಗ್ವಾನ್‌ಯಿನ್ ಎಂದರೆ ಲೋಕದ ಕೂಗನ್ನು ಗಮನಿಸುವವಳು. ವೇದಿಕೆಯ ನಾಲ್ಕು ಮೂಲೆಗಳಲ್ಲಿ ನಿಂತ ಸನ್ನೆಗಾರರನ್ನು ನೋಡಿ ಅವರು ತಾಳ ಹಿಡಿದರು.

ಇನ್ನು ಉಳಿದ ಆಕ್ಷೇಪಗಳು. ನುಡಿಗಟ್ಟುಗಳು ಹಳಸಿ ಹೋದ ರೂಪಕಗಳು, ‘ಕಿವುಡು ಕಿವಿಗಳ ಮೇಲೆ ಬಿತ್ತು’ ಎನ್ನುವ ಇಂಗ್ಲಿಷಿನವನ ಮನಸ್ಸಿನಲ್ಲಿ ಕಿವುಡರು ಸುಳಿಯುವುದೇ ಇಲ್ಲ ಎಂಬುದು ಮೊದಲನೆಯದು. ಹುಟ್ಟಿನಿಂದ ಆ ಭಾಷೆಯಲ್ಲಿ ಬೆಳೆದವನ ಮಟ್ಟಿಗೆ ಇದು ನಿಜವಿರಬಹುದು. ಹೊಸದಾಗಿ ಕಲಿಯುವವನಿಗೆ ಯಾವ ರೂಪಕವೂ ಹಳಸಿಲ್ಲ. ಪ್ರತಿ ಪದದ ಅರ್ಥ ಬಿಡಿಸಿ, ಕೂಡಿಸಿ, ಆಮೇಲೆ ಆಶಯಕ್ಕೆ ಬರುತ್ತಾನೆ. ಕಿವುಡು ಎಂದರೆ ಹಟ ಎಂಬ ಸಮೀಕರಣವನ್ನು ಅವನು ಎಚ್ಚರದಲ್ಲೇ ಕಂಠಪಾಠ ಮಾಡುತ್ತಾನೆ. ಸಾವಿನ ನುಡಿಗಟ್ಟುಗಳಲ್ಲಿ ಈ ಅಪಾಯವಿಲ್ಲ. ಇಂಗ್ಲಿಷಿನ ದಣಿದವನು ‘ಸತ್ತಷ್ಟು’ ದಣಿಯುತ್ತಾನೆ, ಚೀನೀಯನೂ ದಣಿದು ಸಾಯುತ್ತಾನೆ. ಮುಂದೆ ದಾರಿಯಿಲ್ಲದ ಓಣಿ ಇಬ್ಬರಿಗೂ ‘ಸತ್ತ’ ಓಣಿ. ಗಡುವಿಗೆ ಇಂಗ್ಲಿಷಿನಲ್ಲಿರುವ ‘ಡೆಡ್‌ಲೈನ್’, ಅಂದರೆ ‘ಸತ್ತ ಗೆರೆ’, ಎಂಬ ಪದ ಅಮೆರಿಕದ ಅಂತರ್ಯುದ್ಧ ಕಾಲದ ಸೆರೆಶಿಬಿರದ್ದು, ಆ ಗೆರೆ ದಾಟಿದ ಕೈದಿಗೆ ಗುಂಡು ಬೀಳುತ್ತಿತ್ತು. ಇವುಗಳಿಂದ ನೋಯಬಹುದಾದ ಸತ್ತವರು ಯಾರೂ ತರಗತಿಯಲ್ಲಿಲ್ಲ. 2006ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಚೀನಾದಲ್ಲಿ ಶ್ರವಣದೋಷವೊಂದೇ ಇರುವವರು ಸುಮಾರು 2 ಕೋಟಿ. ಅವರಲ್ಲಿ ಇಂಗ್ಲಿಷ್ ಪಠ್ಯಪುಸ್ತಕ ಓದುವವರೂ ಇದ್ದಾರೆ.

ಹಾಗಾದರೆ ಕಿವುಡಿಗೂ ಒಂದು ಮುಸುಕು ಹಾಕೋಣ, ಸಾವಿಗೆ ತೋರಿಸಿದ ಮರ್ಯಾದೆ ಅದಕ್ಕೂ ಸಲ್ಲಲಿ ಎಂಬುದು ಎರಡನೆಯ ಮಾತು, ಆಕ್ಷೇಪಕ್ಕಿಂತ ಹೆಚ್ಚಾಗಿ ಸದಾಶಯ. ಇದನ್ನೂ ಒಪ್ಪಲಾರೆ. ‘ಶ್ರವಣದೋಷವುಳ್ಳವರು’ ಎಂಬ ಅರ್ಥದ ಇಂಗ್ಲಿಷ್ ಪದವನ್ನು ಸಭ್ಯವೆಂದು ಕಲಿಸುವ ಅಧ್ಯಾಪಕರಿದ್ದಾರೆ. ಆದರೆ ವಿಶ್ವ ಕಿವುಡರ ಒಕ್ಕೂಟ 1991ರಲ್ಲೇ ‘ಕಿವುಡರು’ ಮತ್ತು ‘ಕಿವಿ ಮಂದವಾಗಿರುವವರು’ ಎಂಬ ನೇರ ಪದಗಳೇ ತಮಗೆ ಒಪ್ಪಿಗೆಯೆಂದಿತು. ಚೀನಾದಲ್ಲೂ ಕಿವುಡರ ಸಂಘ ತನ್ನ ಹೆಸರಿನಲ್ಲಿ ಇಟ್ಟುಕೊಂಡಿರುವುದು ನೇರವಾದ ‘ಕಿವುಡ’ ಎಂಬ ಪದವನ್ನೇ; ಅವರಿಗೆ ಬೇಡವಾದದ್ದು ಅದಕ್ಕೆ ಅಂಟಿಸಿದ ‘ಮೂಕ’ ಎಂಬ ಬಾಲ, ಏಕೆಂದರೆ ಅವರು ಮಾತಿಲ್ಲದವರಲ್ಲ. ಹತ್ತು ಕಿವುಡರಲ್ಲಿ ಒಂಬತ್ತು ಮೂಕರು ಎಂಬ ಚೀನೀ ಗಾದೆ ಪ್ರಕೃತಿಯ ನಿಯಮ ಹೇಳುತ್ತಿರಲಿಲ್ಲ, ಶಾಲೆಯಿಲ್ಲದ ಕಾಲದ ವರದಿ ಕೊಡುತ್ತಿತ್ತು. 1887ರಲ್ಲಿ ಶಾಂಡೋಂಗ್ ಪ್ರಾಂತದ ದೆಂಗ್‌ಝೋದಲ್ಲಿ ಮಿಲ್ಸ್ ದಂಪತಿಗಳು ಚೀನಾದ ಮೊದಲ ಕಿವುಡರ ಶಾಲೆ ತೆರೆದರು, ಶ್ರದ್ಧೆ ಕಿವಿಯಿಂದ ಬರುತ್ತದೆಂದು ಓದಿಕೊಂಡು ಬಂದ ಮಿಷನರಿಗಳೇ. ಇನ್ನು ಭಾರತದಲ್ಲಿ 2015ರ ಕೊನೆಯಲ್ಲಿ ‘ದಿವ್ಯಾಂಗ’ ಎಂಬ ಪದ ಮೇಲಿನಿಂದ ಇಳಿದಾಗ ಅಂಗವಿಕಲರ ಹಲವು ಸಂಘಟನೆಗಳೇ ಅದನ್ನು ವಿರೋಧಿಸಿದವು. ಎದುರಿಗಿರುವವರ ಮೇಲೆ ಅವರನ್ನು ಕೇಳದೆ ಹೊದಿಸಿದ ಮುಸುಕು ರೇಷ್ಮೆಯದಾದರೂ ಮುಸುಕೇ. ಶುನ್ ತ್ಸು ಹೇಳಿದ ಒಪ್ಪಂದದಲ್ಲಿ ಹೆಸರಿಗೆ ಗುರಿಯಾದವರದೂ ಒಂದು ಸಹಿ ಬೇಕು.

ಇದರಿಂದ ಭಾಷೆ ಬಡವಾಗುತ್ತದೆಂದು ಹೆದರುವವರಿಗೆ ಹೇಳುವುದಿಷ್ಟೆ: ಯಾವ ನುಡಿಗಟ್ಟನ್ನೂ ಪುಸ್ತಕದಿಂದ ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಪತ್ರಿಕೆ ಓದಬೇಕಾದವನಿಗೆ ಅವು ತಿಳಿದಿರಬೇಕು. ಆದರೆ ತಿಳಿಯಬೇಕಾದದ್ದೆಲ್ಲ ಬಳಸಬೇಕಾದದ್ದಲ್ಲ. ಚೀನೀಯರಿಗೆ ಇಂಗ್ಲಿಷ್ ಕಲಿಸುವ ಪದಕೋಶಗಳನ್ನು ಬರೆಯುವವರು, ಕನ್ನಡಿಗರಿಗೆ ಇಂಗ್ಲಿಷ್ ಕಲಿಸುವ ಪುಸ್ತಕಗಳನ್ನು ಬರೆಯುವವರೂ ಸೇರಿದಂತೆ, ಸಾವಿನ ಸುತ್ತುಮಾತುಗಳ ಪಕ್ಕದಲ್ಲಿ ಯಾವುದನ್ನು ಯಾರ ಮುಂದೆ ಆಡಬೇಕೆಂದು ಬರೆಯಲಿ. ಆಸ್ಪತ್ರೆಯಲ್ಲಿ, ರೋಗಿಯೆದುರು, ಭಾಷೆ ಅರೆಬರೆ ಬಲ್ಲವರೆದುರು ನೇರ ಪದವನ್ನೇ ಬಳಸಿ ಎಂದು ಬರೆಯಲಿ. ಕಿವುಡಿನ ಬೈಗುಳಗಳ ಪಕ್ಕದಲ್ಲಿ ‘ಕೇಳಲೊಲ್ಲರು’, ‘ಕೇಳಿಯೂ ಸುಮ್ಮನಿದ್ದರು’ ಎಂಬ ಸರಳ ಇಂಗ್ಲಿಷ್ ವಾಕ್ಯಗಳನ್ನು ಕೊಡಲಿ. ಅವು ಹೆಚ್ಚು ನಿಖರವೂ ಹೌದು. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಆ ಪುಟವನ್ನು ಒಬ್ಬ ಕಿವುಡ ಅಧ್ಯಾಪಕರಿಗೆ ತೋರಿಸಲಿ. ಚೀನಾದ ರಾಷ್ಟ್ರೀಯ ಸಾಮಾನ್ಯ ಸನ್ನೆಭಾಷೆಯ ಪದಪಟ್ಟಿ 2018ರ ಜುಲೈ 1ರಿಂದ ಬಳಕೆಯಲ್ಲಿದೆ, ಅಭಿಪ್ರಾಯ ಕೇಳಲು ಭಾಷೆಯ ತೊಡಕಿದೆ ಎಂಬ ನೆಪ ಈಗ ಉಳಿದಿಲ್ಲ.